ಓದಿ ಉತ್ತರಿಸುವುದೂ ಅರ್ಥವನ್ನು ನಿರ್ಣಯಿಸುವುದೂ

‘ಕೆಳಗಿನ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿರಿ’ ಎಂಬ ಸೂಚನೆ ನಮ್ಮ ಪ್ರಶ್ನೆಪತ್ರಿಕೆಗಳಿಗೆ ಚಿರಪರಿಚಿತವಾದುದು. ಉತ್ತರವು ಗದ್ಯಭಾಗದ ಒಳಗೇ ಇದೆ, ಓದುಗನು ಅದನ್ನು ಹುಡುಕಿ ತೆಗೆಯಬೇಕು ಎಂಬುದು ಅದರ ಹಿಂದಿನ ಗ್ರಹಿಕೆ. ಕಾನೂನಿನ ಪಠ್ಯವನ್ನು ಓದಿ ಉತ್ತರ ಹೇಳುವ ಗಣಕವ್ಯವಸ್ಥೆಗಳ ಸಾಮರ್ಥ್ಯವನ್ನು ಅಳೆಯುವಾಗಲೂ ಅನೇಕ ವೇಳೆ ಇದೇ ಗ್ರಹಿಕೆ ಕೆಲಸ ಮಾಡುತ್ತದೆ. ಈ ಅಳತೆಗೋಲು ಕಾನೂನಿನ ಓದಿಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಪುಣೆ ಜಿಲ್ಲೆಯ ಚಾಕಣ ವಾಹನ ಕಾರ್ಖಾನೆಗಳ ನೆಲೆ. ಇಂಥ ಕಾರ್ಖಾನೆಗಳಿಗೆ ಅನ್ವಯಿಸುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯಿದೆ, 2025ರ ನವೆಂಬರಿನಲ್ಲಿ ಅದರ ಸ್ಥಾನಕ್ಕೆ ಹೊಸ ಸಂಹಿತೆ ಬರುವವರೆಗೆ ಜಾರಿಯಲ್ಲಿತ್ತು. ಕೆಲಸದ ವೇಳೆ, ರಜೆ, ಶಿಸ್ತುಕ್ರಮ ಮೊದಲಾದವುಗಳ ನಿಯಮಗಳನ್ನು ಇಂಗ್ಲಿಷಿನಲ್ಲಿಯೂ, ಬಹುಸಂಖ್ಯಾತ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಕಾರ್ಖಾನೆಯ ಬಾಗಿಲ ಬಳಿ ಫಲಕದಲ್ಲಿ ಪ್ರಕಟಿಸಬೇಕೆಂದು ಅದರ 9ನೆಯ ಕಲಮು ವಿಧಿಸಿತ್ತು. ಫಲಕ ಯಾವ ಭಾಷೆಗಳಲ್ಲಿರಬೇಕು ಎಂದು ಕೇಳಿದರೆ ಯಂತ್ರವು ತಪ್ಪಿಲ್ಲದೆ ಉತ್ತರಿಸೀತು.

ಆದರೆ ವಿಜಯಪುರದ ಕಡೆಯಿಂದ ಅಲ್ಲಿಗೆ ದುಡಿಯಲು ಬಂದ ಒಬ್ಬ ಕಾರ್ಮಿಕನನ್ನು ಕಲ್ಪಿಸಿಕೊಳ್ಳೋಣ. ಆಡುಮಾತಿನ ಮರಾಠಿ ಅವನಿಗೆ ತಿಳಿಯುತ್ತದೆ. ಫಲಕದ ಮರಾಠಿಯನ್ನು ಅವನು ಓದಲಾರ. ನಿಯಮ ಮೀರಿದನೆಂಬ ಆರೋಪ ಬಂದಾಗ ಆ ನಿಯಮ ತನಗೆ ತಿಳಿದೇ ಇರಲಿಲ್ಲ ಎನ್ನುತ್ತಾನೆ. ‘ತಿಳಿಯುವ’ ಎಂದರೆ ಕೇಳಿ ತಿಳಿಯುವುದೋ, ಓದಿ ತಿಳಿಯುವುದೋ? ಬಹುಸಂಖ್ಯೆಯನ್ನು ಎಣಿಸುವಾಗ ಗುತ್ತಿಗೆಯ ಆಳುಗಳು ಸೇರುತ್ತಾರೆಯೋ ಇಲ್ಲವೋ? ನಿಯಮಗಳನ್ನು ಕಾರ್ಮಿಕರಿಗೆ ತಿಳಿಯಪಡಿಸುವುದೂ ಕಾಯಿದೆಯ ಉದ್ದೇಶವೆಂದು ಅದರ ಪೀಠಿಕೆ ಸಾರುತ್ತಿತ್ತು. ಈ ಉದ್ದೇಶ ಅವನ ಪರವಾಗಿದೆ; ‘ಬಹುಸಂಖ್ಯಾತ’ ಎಂಬ ಪದ ಅವನಿಗೆ ವಿರುದ್ಧವಾಗಿದೆ. ಎರಡನ್ನೂ ತೂಗಿ ನೋಡಿ ಕಾರಣಸಹಿತವಾಗಿ ನಿರ್ಣಯಿಸುವ ಹೊಣೆ ಓದುಗನದು. ಒಬ್ಬ ಮನುಷ್ಯನ ಜೀವನೋಪಾಯ ಈ ನಿರ್ಣಯವನ್ನು ಅವಲಂಬಿಸಿದೆ.

ಅರ್ಥನಿರ್ಣಯದ ಈ ಸಮಸ್ಯೆ ಕನ್ನಡ ನಾಡಿಗೆ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ‘ಸಪಿಂಡ’ ಎಂಬ ಪದದಲ್ಲಿ ಪಿಂಡವೆಂದರೆ ದೇಹದ ಅಂಶವೆಂದು ಗ್ರಹಿಸಿ, ರಕ್ತಸಂಬಂಧವನ್ನು ದಾಯದ ಆಧಾರವಾಗಿಸಿದನು. ‘ದಾಯಭಾಗ’ದ ಕರ್ತೃ ಜೀಮೂತವಾಹನನು ಅದನ್ನು ಪಿತೃಗಳಿಗೆ ಅರ್ಪಿಸುವ ಪಿಂಡಕ್ಕೆ ಸಂಬಂಧಿಸಿದನು. ಪದ ಒಂದೇ, ಬಂಗಾಳಕ್ಕೂ ಭಾರತದ ಇತರ ಬಹುಭಾಗಕ್ಕೂ ಉತ್ತರಾಧಿಕಾರದ ಕ್ರಮ ಬೇರೆ ಬೇರೆಯಾಗಲು ಈ ಅರ್ಥಭೇದವೂ ಕಾರಣವಾಯಿತು. ‘ಸರಿಯುತ್ತರ’ ಯಾವುದೆಂದು ಮೂಲಪಠ್ಯವನ್ನಷ್ಟೇ ಹುಡುಕುವವನಿಗೆ ಇಲ್ಲಿ ಏನೂ ದೊರೆಯದು. ಇಬ್ಬರ ಹಿರಿಮೆಯೂ ತಮ್ಮ ಅರ್ಥಕ್ಕೆ ಅವರು ಕೊಟ್ಟ ಕಾರಣಗಳಲ್ಲಿದೆ.

ಗಣಕದ ಕಾನೂನು ತರ್ಕವನ್ನು ಸಾರಾಸಗಟಾಗಿ ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. 1986ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿದ್ವಾಂಸರು ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆಯನ್ನು ತರ್ಕಸೂತ್ರಗಳಾಗಿ ಬರೆದು ತೋರಿಸಿದರು. ನಿಯಮದಿಂದ ನಿಯಮಕ್ಕೆ ಸಾಗಿ ಫಲಿತವನ್ನು ತಲಪುವ ದಾರಿ ಅಲ್ಲಿ ಸ್ಪಷ್ಟವಾಗಿತ್ತು. ಸೂತ್ರಕ್ಕೆ ಸಿಗದ ಸಂಗತಿಯನ್ನು ಆ ವ್ಯವಸ್ಥೆ ಬಳಸುವವನಿಗೇ ಕೇಳುತ್ತಿತ್ತು. ಇಂದಿನ ಭಾಷಾಯಂತ್ರಗಳ ಸ್ವಭಾವ ಬೇರೆ. ಅವು ಅನೇಕ ವೇಳೆ ಕೇಳದೆಯೇ ತೆರಪನ್ನು ತುಂಬುತ್ತವೆ. ವಾಕ್ಯದ ಸರಾಗತೆಯಿಂದಾಗಿ ತೆರಪು ಇದ್ದುದೇ ಓದುಗನಿಗೆ ಕಾಣದೆ ಹೋಗಬಹುದು.

ನ್ಯಾಯಾಂಗವೂ ಇದನ್ನು ಗಮನಿಸಿದೆ. ಕೇರಳದ ಉಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ಜಿಲ್ಲಾ ನ್ಯಾಯಾಂಗಕ್ಕಾಗಿ ಹೊರಡಿಸಿದ ನೀತಿಯು ಇಂಥ ಸಾಧನಗಳಿಂದ ತೀರ್ಮಾನವನ್ನಾಗಲಿ ತೀರ್ಪನ್ನಾಗಲಿ ಪಡೆಯಬಾರದೆಂದು ವಿಧಿಸಿತು. ಯಂತ್ರಾನುವಾದವನ್ನು ಅನುವಾದಕರು ಇಲ್ಲವೆ ನ್ಯಾಯಾಧೀಶರೇ ಪರಿಶೀಲಿಸಬೇಕೆಂದಿತು. ಕಾಸರಗೋಡಿನ ನ್ಯಾಯಾಲಯಗಳೂ ಅದರ ವ್ಯಾಪ್ತಿಗೆ ಸೇರಿದವಾದ್ದರಿಂದ ಅಲ್ಲಿನ ಕನ್ನಡಿಗರಿಗೆ ಇದು ದೂರದ ಮಾತಲ್ಲ.

ಹೀಗಿರುವಲ್ಲಿ, ಯಂತ್ರಕ್ಕಾಗಲಿ ವಿದ್ಯಾರ್ಥಿಗಾಗಲಿ ಕನ್ನಡದ ಕಾನೂನು ಗದ್ಯವನ್ನು ಕೊಟ್ಟು ಪ್ರಶ್ನೆ ಕೇಳುವವರು ಇನ್ನೆರಡು ಪ್ರಶ್ನೆಗಳನ್ನು ಸೇರಿಸುವುದು ಅವಶ್ಯ: ಈ ಪಠ್ಯ ಯಾವುದಕ್ಕೆ ಉತ್ತರ ಕೊಡುವುದಿಲ್ಲ? ಅಲ್ಲಿ ನಿಮ್ಮ ನಿರ್ಣಯವೇನು, ಅದಕ್ಕೆ ಆಧಾರವೇನು? ಈ ಪ್ರಶ್ನೆಗಳಿಲ್ಲದ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದ ಓದು ಚಾಕಣದ ಆ ಕಾರ್ಮಿಕನ ಪ್ರಶ್ನೆಯನ್ನು ಇನ್ನೂ ಮುಟ್ಟಿಯೇ ಇರುವುದಿಲ್ಲ.