ಮಕ್ಕಳ ಹಾಡಾಟಗಳ ಮೂಲವಿಚಾರ

ಆಂಗ್ಲಭಾಷೆಯ ಮಕ್ಕಳು ಹಾಡಿಕೊಂಡು ಆಡುವ ಆಟಗಳ ವಿಷಯದಲ್ಲಿ ಮೂರು ಗ್ರಂಥಗಳು ಮುಖ್ಯವಾದುವು: ಅಮೆರಿಕದ ವಿಲಿಯಂ ವೆಲ್ಸ್ ನ್ಯೂವೆಲ್ ಪಂಡಿತರ 1883ರ ಸಂಗ್ರಹ, ಆಲಿಸ್ ಬರ್ತಾ ಗೊಮ್ ವಿದುಷಿಯವರು 1894 ಮತ್ತು 1898ರಲ್ಲಿ ಹೊರತಂದ ಎರಡು ಸಂಪುಟಗಳು, ಓಪಿ ದಂಪತಿಗಳ 1985ರ ಗ್ರಂಥ.

ಈ ಆಟಗಳು ಮಕ್ಕಳ ಸ್ವಂತ ಕಲ್ಪನೆಯಲ್ಲ, ವಯಸ್ಕರು ಹಾಡುತ್ತ ಕುಣಿಯುತ್ತಿದ್ದ ನೃತ್ಯಗಳೇ ಬಳಕೆ ತಪ್ಪಿ ಮಕ್ಕಳ ಪಾಲಿಗೆ ಉಳಿದುವೆಂಬುದು ನ್ಯೂವೆಲ್ಲರ ಪಕ್ಷ. ಮತನಿಷ್ಠರು ಪಿಟೀಲನ್ನೂ ನೃತ್ಯವನ್ನೂ ನಿಷೇಧಿಸಿದ್ದ ಅಮೆರಿಕದ ಹಳ್ಳಿಗಳಲ್ಲಿ ತರುಣತರುಣಿಯರು ‘ಆಟ’ವೆಂಬ ಹೆಸರಿನಿಂದ ಹಾಡಿ ಕುಣಿಯುತ್ತಿದ್ದುದು ಇದಕ್ಕೆ ಪೋಷಕವಾಗಿದೆ. ಗೊಮ್ ವಿದುಷಿಯವರಾದರೋ ಇನ್ನೂ ಹಿಂದಕ್ಕೆ ಸರಿದು, ‘ಲಂಡನ್ ಸೇತುವೆ’ಯ ಆಟದಲ್ಲಿ ಸೆರೆಹಿಡಿಯುವ ಕ್ರಿಯೆಯು ಅಸ್ತಿವಾರಕ್ಕೆ ಕೊಡುತ್ತಿದ್ದ ನರಬಲಿಯ ಅವಶೇಷವೆಂದು ಊಹಿಸಿದರು. ಆದರೆ ‘ಕಿತ್ತಳೆ–ನಿಂಬೆ’ಯ ಆಟದಲ್ಲಿಯೂ ಕೈಕಮಾನಿನ ಕೆಳಗೆ ಸೆರೆಹಿಡಿಯುವುದುಂಟು, ಅಲ್ಲಿ ಸೇತುವೆಯೇ ಇಲ್ಲ. ಸಾದೃಶ್ಯವು ಊಹೆಗೆ ಎಡೆಗೊಟ್ಟೀತೇ ಹೊರತು ಪ್ರಮಾಣವಾಗಲಾರದು.

ಇದಕ್ಕಿಂತ ದುರ್ಬಲವಾದುದು ‘ರಿಂಗ್ ಎ ರೋಸಸ್’ ಆಟದ ಲೋಕಪ್ರಸಿದ್ಧ ವ್ಯಾಖ್ಯಾನ. ಅದು 1665ರ ಲಂಡನ್ನಿನ ಮಹಾಮಾರಿಯನ್ನು ಸೂಚಿಸುವುದೆಂದೂ, ವರ್ತುಲವು ಮೈಮೇಲಿನ ಗುರುತು, ಸೀನು ರೋಗಲಕ್ಷಣ, ಬೀಳುವುದು ಮರಣವೆಂದೂ ಹೇಳುವರು. ಈ ಹಾಡು ಇಂಗ್ಲೆಂಡಿನಲ್ಲಿ ಅಚ್ಚಾದುದು 1881ರಲ್ಲಿ. ನ್ಯೂವೆಲ್ ಗೊಮ್ ಇಬ್ಬರೂ ಮಾರಿಯ ಮಾತನ್ನೇ ಎತ್ತಿಲ್ಲ. ಈ ಅರ್ಥವು ಹರಡಿದುದು 20ನೆಯ ಶತಮಾನದ ಮಧ್ಯಭಾಗದಿಂದೀಚೆಗೆ. ಹಲವು ಪಾಠಗಳಲ್ಲಿ ಸೀನಿಲ್ಲ. ಕೆಲವದರಲ್ಲಿ ಬೀಳುವುದರ ಬದಲು ಬಾಗಿ ವಂದಿಸುವುದುಂಟು. ಎಲ್ಲ ಪಾಠಗಳಲ್ಲಿಯೂ ಅನುವರ್ತಿಸದ ಅಂಶವು ಮೂಲಾರ್ಥಕ್ಕೆ ಲಿಂಗವಾಗದು, ಹೇತುವು ವ್ಯಭಿಚಾರಿ. ಓಪಿ ದಂಪತಿಗಳು ಈ ವ್ಯಾಖ್ಯಾನವನ್ನು ಒಪ್ಪದಿದ್ದುದು ಯುಕ್ತವೇ ಸರಿ. ಬಾಗಿ ವಂದಿಸುವ ಪಾಠಗಳು ನ್ಯೂವೆಲ್ಲರ ನೃತ್ಯಪಕ್ಷಕ್ಕೇ ಹತ್ತಿರವಾಗಿವೆ.

ಕನ್ನಡನಾಡಿನ ‘ಕಣ್ಣಾಮುಚ್ಚೆ’ಯ ಪದಗಳಲ್ಲಿಯೂ ರಾಮಾಯಣದ ಕಥೆಯನ್ನು ಕಾಣುವವರುಂಟು. ಅಲ್ಲಿಯೂ ನ್ಯಾಯವು ಇದೇ. ಮೊದಲು ಊರೂರಿನ ಪಾಠಾಂತರಗಳನ್ನು ಕೂಡಿಸಬೇಕು. ಯಾವ ಮಾತು ಸ್ಥಿರ, ಯಾವುದು ಚರ ಎಂಬುದನ್ನು ನಿರ್ಣಯಿಸಬೇಕು. ಪದದೊಡನೆ ಆಟದ ಕ್ರಿಯೆಯನ್ನೂ ಬರೆದಿಡಬೇಕು. ಇಷ್ಟಾಗದೆ ಗೂಢಾರ್ಥವನ್ನು ಬೋಧಿಸಿದರೆ ವಿದ್ಯಾರ್ಥಿಯ ನೆನಪಿನಲ್ಲಿ ವ್ಯಾಖ್ಯಾನವು ಉಳಿದು ಹಾಡು ಅಳಿಯುವುದು. ಯೋಗಾರ್ಥಕ್ಕಿಂತ ರೂಢಾರ್ಥವು ಬಲವತ್ತರವೆಂಬ ಶಾಸ್ತ್ರಮರ್ಯಾದೆಯು ಮಕ್ಕಳ ಪದಗಳಿಗೂ ಅನ್ವಯಿಸುವುದು: ಅವುಗಳ ರೂಢಾರ್ಥವು ಆಟವೇ.