ಜೀರ್ಣೋದ್ಧಾರದ ಮೇರೆ

ಭಗ್ನವಾದುದನ್ನು ಸರಿಪಡಿಸುವುದು ಪುಣ್ಯಕಾರ್ಯವೆಂಬುದು ಲೋಕರೂಢಿ. ದೇವಾಲಯದ ವಿಷಯದಲ್ಲಿ ಇದು ಯುಕ್ತವೇ ಸರಿ. ಪೂಜೆಗೆ ಅಖಂಡವಾದ ಬಿಂಬವು ಬೇಕಾದುದರಿಂದ, ಭಿನ್ನವಾದುದನ್ನು ವಿಸರ್ಜಿಸಿ ನೂತನ ಬಿಂಬವನ್ನು ಪ್ರತಿಷ್ಠಿಸುವ ವಿಧಿಯು ಆಗಮಸಮ್ಮತವಾಗಿದೆ. ಆದರೆ ಗೋರಿಯಿಂದ ತೆಗೆದ ಪಾತ್ರೆಯು ಪೂಜಾವಸ್ತುವಲ್ಲ, ಸಾಕ್ಷಿ. ಸಾಕ್ಷಿಯ ಮಾತನ್ನು ತಿದ್ದುವುದು ಉದ್ಧಾರವೆನಿಸಲಾರದು. ಯೂರೋಪಿನ ಪ್ರಾಚೀನ ಕೆಲ್ಟ್ ಜನರ ಲೋಹವಸ್ತುಗಳನ್ನು ಸಂಸ್ಕರಿಸುವ ಕಲೆಯ ಗುಣದೋಷಗಳನ್ನು ಎಣಿಸುವವರು ಈ ಭೇದವನ್ನು ಮರೆಯಬಾರದು.

ದಕ್ಷಿಣ ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ನಗರದ ಸಮೀಪದ ಹೋಖ್‌ಡಾರ್ಫ್ ಗ್ರಾಮದ ದಿಬ್ಬವೊಂದನ್ನು 1978-79ರಲ್ಲಿ ಯೋರ್ಗ್ ಬೀಲ್ ಎಂಬ ವಿದ್ವಾಂಸರು ಅಗೆಯಿಸಿ, ಕ್ರಿ. ಪೂ. 6ನೆಯ ಶತಮಾನದ ಕೆಲ್ಟ್ ನಾಯಕನೊಬ್ಬನ ಸಮಾಧಿಯನ್ನು ಬೆಳಕಿಗೆ ತಂದರು. ಕಳ್ಳರ ಕೈ ಅದನ್ನು ಮುಟ್ಟಿರಲಿಲ್ಲ; ಆದರೆ ಮೇಲೆ ಒಟ್ಟಿದ್ದ ಕಲ್ಲುಗಳ ಭಾರಕ್ಕೆ ಮರದ ಕೋಣೆಯು ಕುಸಿದು, ಒಳಗಿನ ಅನೇಕ ವಸ್ತುಗಳು ಜಜ್ಜಿಹೋಗಿದ್ದುವು. ನಾಯಕನು ಮಲಗಿದ್ದ 2.75 ಮೀಟರು ಉದ್ದದ ಕಂಚಿನ ಪೀಠ, ಅದನ್ನು ಎತ್ತಿಹಿಡಿದಿದ್ದ ಎಂಟು ಸ್ತ್ರೀವಿಗ್ರಹಗಳು, ನಾಲ್ಕು ಗಾಲಿಗಳ ಬಂಡಿ, ಸುಮಾರು 500 ಲೀಟರು ಹಿಡಿಯುವ ಕೊಪ್ಪರಿಗೆ ಇವೆಲ್ಲವೂ ಸಂಸ್ಕಾರಶಾಲೆಯ ತಾಳ್ಮೆಯಿಂದಲೇ ಮರಳಿ ರೂಪವನ್ನು ಪಡೆದುವು.

ಬರ್ಲಿನ್ನಿನಲ್ಲಿ 1888ರಲ್ಲಿ ಫ್ರೀಡ್ರಿಖ್ ರಾಟ್‌ಗೆನ್ನನು ವಸ್ತುಸಂಗ್ರಹಾಲಯದ ಪ್ರಯೋಗಶಾಲೆಯನ್ನು ನಡೆಸಲಾರಂಭಿಸಿದ ಕಾಲದಲ್ಲಿ, ವಿದ್ಯುತ್ತಿನ ಬಲದಿಂದ ಕಿಲುಬನ್ನೆಲ್ಲ ಕಳೆದು ಲೋಹವನ್ನು ಹೊರಪಡಿಸುವುದು ಸಾಧನೆಯೆನಿಸಿತ್ತು. ನಾಶವಾಗಲಿದ್ದ ಎಷ್ಟೋ ವಸ್ತುಗಳು ಅದರಿಂದ ಉಳಿದುವೆಂಬುದನ್ನು ಅಲ್ಲಗಳೆಯುವಂತಿಲ್ಲ. ಮಣ್ಣಿನ ಉಪ್ಪು ಸೇರಿ, ತೇವ ಸೋಕಿದೊಡನೆ ಕಂಚನ್ನು ಹಸುರು ಪುಡಿಯಾಗಿಸುವ ಕಿಲುಬನ್ನು ತಡೆಯಲೇಬೇಕು. ಆದರೆ ನೆಲೆಗೊಂಡು ಲೋಹಕ್ಕೆ ಕವಚದಂತಿರುವ ಕಿಲುಬೂ ಉಂಟು. ಎರಡನ್ನೂ ಕೊಳೆಯೆಂದೇ ತಿಳಿದು ಉಜ್ಜುವವನು ವಿವೇಕಿಯಲ್ಲ.

ಇದಕ್ಕೆ ಹೋಖ್‌ಡಾರ್ಫೇ ನಿದರ್ಶನ. ಕೊಪ್ಪರಿಗೆಯ ತಳದಲ್ಲಿ ಉಳಿದಿದ್ದ ಶೇಷದ ಪರಾಗಕಣಗಳಿಂದ ಅದರಲ್ಲಿ ಜೇನಿನ ಮದ್ಯವಿದ್ದುದು ತಿಳಿದುಬಂತು. ಲೋಹಕ್ಕೆ ಅಂಟಿದ್ದ ನೂಲಿನ ಗುರುತುಗಳಿಂದ ವಸ್ತುಗಳನ್ನು ಬಟ್ಟೆಯಲ್ಲಿ ಸುತ್ತಿದ್ದುದು ಗೊತ್ತಾಯಿತು. ಹೊಳಪಿನ ಮೋಹಕ್ಕೆ ಸಿಕ್ಕಿದ್ದರೆ ಪಾತ್ರೆ ಉಳಿಯುತ್ತಿತ್ತು. ಅಂತ್ಯಸಂಸ್ಕಾರದ ಕಥೆ ಅಳಿಯುತ್ತಿತ್ತು.

ಆ ಕೊಪ್ಪರಿಗೆಯ ಅಂಚಿನಲ್ಲಿ ಮೂರು ಸಿಂಹಗಳಿವೆ. ಎರಡು ಗ್ರೀಕರ ಕೈಗೆಲಸ. ಮೂರನೆಯದರ ರೀತಿಯೇ ಬೇರೆ. ಕಳೆದುಹೋದ ಒಂದರ ಸ್ಥಾನದಲ್ಲಿ ಕೆಲ್ಟ್ ಕಂಚುಗಾರನು ಇದನ್ನು ಮಾಡಿಟ್ಟನೆಂದು ವಿದ್ವಾಂಸರ ಅಭಿಪ್ರಾಯ. ಸೌಷ್ಠವದ ಆಸೆಯಿಂದ ಇಂದಿನವರು ಅದನ್ನು ತೆಗೆದು ಮೂರನ್ನೂ ಒಂದೇ ಅಚ್ಚಿನವನ್ನಾಗಿ ಮಾಡಿದ್ದರೆ, ಎರಡು ಜನಾಂಗಗಳ ಕೈಗಳು ಒಂದೇ ಪಾತ್ರೆಯ ಮೇಲೆ ಕೂಡಿದ ವೃತ್ತಾಂತವೇ ಅಳಿದುಹೋಗುತ್ತಿತ್ತು.

ಭಗ್ನವಸ್ತುವಿನಿಂದ ಸಾಮಾನ್ಯರಿಗೆ ಗತವೈಭವದ ಅರಿವಾಗದೆಂದು ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವೂ ಅಲ್ಲಿಯೇ ಇದೆ. ಮೂಲವಸ್ತುಗಳು ಸ್ಟುಟ್‌ಗಾರ್ಟಿನಲ್ಲಿವೆ, ಹೋಖ್‌ಡಾರ್ಫಿನಲ್ಲಿ 1991ರಲ್ಲಿ ತೆರೆದ ಸಂಗ್ರಹಾಲಯದಲ್ಲಿ ಹೊಸದಾಗಿ ಮಾಡಿದ ಪ್ರತಿಕೃತಿಗಳು ಥಳಥಳಿಸುತ್ತವೆ. ಊಹೆಗೆ ಪ್ರತಿಕೃತಿಯಲ್ಲಿ ಸ್ಥಾನ, ಸತ್ಯಕ್ಕೆ ಮೂಲದಲ್ಲಿ ಸ್ಥಾನ. ಈ ವಿಭಾಗವು ಶ್ಲಾಘ್ಯವಾದುದು.

ತ್ರುಟಿತವಾದ ಓಲೆಯಲ್ಲಿ ಲುಪ್ತವಾದ ಅಕ್ಷರಗಳೆಡೆಗೆ ಸ್ವಂತ ಪದವನ್ನು ಗುರುತಿಲ್ಲದೆ ಸೇರಿಸುವ ಸಂಪಾದಕನು ಎಷ್ಟೇ ರಸಿಕನಾಗಿರಲಿ, ಕವಿಗೆ ದ್ರೋಹಿಯೇ. ಲೋಹವನ್ನು ಸಂಸ್ಕರಿಸುವವನಿಗೂ ಇದೇ ನ್ಯಾಯ. ಅವನು ಸೇರಿಸಿದ್ದು ಗುರುತಿಗೆ ಸಿಗಬೇಕು, ಬೇಕೆಂದಾಗ ತೆಗೆಯಲು ಬರಬೇಕು. ಅದರಾಚೆಗೆ ಅವನ ಕೌಶಲಕ್ಕೆ ಅಧಿಕಾರವಿಲ್ಲ.