ಅಚ್ಚು ಮತ್ತು ಘರ್ಷಣೆ: ಆಟಿಕೆ ಗಾಡಿಯ ನೆಪದಲ್ಲಿ ಒಂದು ವಿಮರ್ಶೆ

ಚಕ್ರದ ಚರಿತ್ರೆಯನ್ನು ಕುರಿತು ನಮ್ಮಲ್ಲಿ ಬರೆದವರು ಕಡಿಮೆಯಿಲ್ಲ. ಅಚ್ಚಿನ ಚರಿತ್ರೆಯನ್ನು ಬರೆದವರು ಮಾತ್ರ ವಿರಳ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಶಿಲ್ಪಪಟ್ಟಿಕೆಗಳಲ್ಲಿ ಭಾರತಯುದ್ಧದ ರಥಗಳನ್ನು ನೋಡಿ ಆನಂದಿಸುತ್ತೇವೆ. ಹಂಪೆಯ ಕಲ್ಲಿನ ರಥದ ಮುಂದೆ ನಿಂತು ಗಾಲಿಗಳ ಅಲಂಕಾರವನ್ನು ಕೊಂಡಾಡುತ್ತೇವೆ. ಶಾಸನಗಳಲ್ಲಿ ಬಂಡಿಯ ಹೊರೆಗೆ ವಿಧಿಸಿದ ಸುಂಕವನ್ನು ಲೆಕ್ಕಹಾಕುತ್ತೇವೆ. ಗಾಲಿಯು ಯಾವುದರ ಮೇಲೆ ತಿರುಗುತ್ತದೆ, ತಿರುಗುವಾಗ ಎಷ್ಟು ಶಕ್ತಿಯನ್ನು ತಿಂದುಹಾಕುತ್ತದೆ ಎಂಬ ಪ್ರಶ್ನೆ ನಮ್ಮ ಚರ್ಚೆಯಲ್ಲಿ ಬರುವುದೇ ಇಲ್ಲ. ಈ ಉಪೇಕ್ಷೆಯ ಫಲವಾಗಿ ಮೂರು ಅಭಿಪ್ರಾಯಗಳು ಪರೀಕ್ಷೆಗೆ ಒಳಗಾಗದೆ ರೂಢಿಯಲ್ಲಿ ನಿಂತಿವೆ. ಚಕ್ರವು ಘರ್ಷಣೆಯನ್ನು ನೀಗಿತು ಎಂಬುದು ಒಂದು. ಯಂತ್ರವಿದ್ಯೆಯ ರಹಸ್ಯವೆಲ್ಲ ನಮ್ಮ ಪೂರ್ವಿಕರಿಗೆ ತಿಳಿದಿತ್ತು ಎಂಬುದು ಎರಡನೆಯದು. ಬಾಲ್ ಬೇರಿಂಗು ತೊಡಿಸಿ ಎಣ್ಣೆ ಬಿಟ್ಟರೆ ಯಾವ ಗಾಡಿಯಾದರೂ ವೇಗವಾಗಿ ಓಡುತ್ತದೆ ಎಂಬುದು ಮೂರನೆಯದು. ಈ ಮೂರನ್ನೂ ಒರೆಗೆ ಹಚ್ಚಲು ಒಂದು ಅಲ್ಪವಸ್ತುವನ್ನು ನಾವು ಆರಿಸಿಕೊಂಡಿದ್ದೇವೆ. ಅದು ಇಂದಿನ ಹುಡುಗರು ರೇಡಿಯೋ ಅಲೆಗಳಿಂದ ನಡೆಸುವ ಅತಿವೇಗದ ಆಟಿಕೆ ಗಾಡಿ. ವಸ್ತು ಅಲ್ಪವೆಂದು ವಾಚಕರು ಉಪೇಕ್ಷಿಸಬಾರದಾಗಿ ಪ್ರಾರ್ಥನೆ.

ಮೊದಲನೆಯ ಅಭಿಪ್ರಾಯವನ್ನು ವಿಚಾರಿಸೋಣ. ಸೊರಬ ತಾಲ್ಲೂಕಿನ ಜಡೆಯ ಸುತ್ತುಮುತ್ತಣ ಅಡಕೆಯ ಸೀಮೆಯಲ್ಲಿ ಮಕ್ಕಳಿಗೆ ಚಕ್ರವಿಲ್ಲದ ಒಂದು ವಾಹನ ಉಂಟು. ಬಿದ್ದ ಅಡಕೆಯ ಹಾಳೆಯ ಮೇಲೆ ಒಬ್ಬರು ಕುಳಿತುಕೊಳ್ಳುವುದು, ಇನ್ನೊಬ್ಬರು ಸೋಗೆಯನ್ನು ಹಿಡಿದು ಎಳೆಯುವುದು. ಮಲೆನಾಡಿನಲ್ಲಿ ಈ ಆಟವನ್ನು ಅರಿಯದವರಿಲ್ಲ. ಇಲ್ಲಿ ಘರ್ಷಣೆಯೆಲ್ಲ ಹಾಳೆಗೂ ನೆಲಕ್ಕೂ ನಡುವೆ. ಘರ್ಷಣಾಂಕವನ್ನು ಅರ್ಧವೆಂದು ಇಟ್ಟುಕೊಂಡರೆ, 20 ಕಿಲೋ ತೂಕದ ಮಗುವನ್ನು ಎಳೆಯಲು 10 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. ಅದೇ ಮಗುವನ್ನು ಎತ್ತಿನ ಗಾಡಿಯಲ್ಲಿ ಕೂರಿಸಿದರೆ ಘರ್ಷಣೆಯು ನಾಶವಾಗುವುದಿಲ್ಲ. ನೆಲವನ್ನು ಬಿಟ್ಟು ಅಚ್ಚಿಗೂ ಗುಂಬಕ್ಕೂ ನಡುವಣ ಸಂಧಿಗೆ ವಲಸೆ ಹೋಗುತ್ತದೆ. ಅಲ್ಲಿ ಅದರ ಬಲ ಕುಗ್ಗುವುದಕ್ಕೆ ಎರಡು ಕಾರಣಗಳಿವೆ. ಆ ಸಂಧಿ ನಯವಾಗಿದ್ದು ಎಣ್ಣೆಯನ್ನು ಉಂಡಿರುತ್ತದೆ, ಇದು ಒಂದು. ಅಚ್ಚಿನ ವ್ಯಾಸವು ಗಾಲಿಯ ವ್ಯಾಸಕ್ಕಿಂತ ಬಹಳ ಚಿಕ್ಕದು, ಇದು ಇನ್ನೊಂದು. ಗಾಲಿ 140 ಸೆಂಟಿಮೀಟರು, ಅಚ್ಚು 4 ಸೆಂಟಿಮೀಟರು ಇದ್ದರೆ ಅನುಪಾತ 35ಕ್ಕೆ 1. ಸಂಧಿಯ ಘರ್ಷಣಾಂಕ 0.2 ಆದರೂ ಅಚ್ಚಿನ ಘರ್ಷಣೆಗಾಗಿ ಎಳೆಯಬೇಕಾದ ಬಲವು ಭಾರದ 175ನೆಯ ಒಂದು ಭಾಗ ಮಾತ್ರ. ಎತ್ತಿನ ಗಾಡಿಯ ಗಾಲಿ ಎತ್ತರವಾಗಿ ಇರುವುದು ಹಳ್ಳ ಕೊರಕಲುಗಳನ್ನು ದಾಟುವುದಕ್ಕೆ ಮಾತ್ರವಲ್ಲ, ಇದಕ್ಕಾಗಿಯೂ ಹೌದು.

ಈಗ ಆಟಿಕೆಗೆ ಬರೋಣ. ಇದರ ಗಾಲಿ 60 ಮಿಲಿಮೀಟರು, ಅಚ್ಚು 5 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಅನುಪಾತ 12ಕ್ಕೆ 1ಕ್ಕೆ ಇಳಿಯಿತು. ಅದೇ ಘರ್ಷಣಾಂಕಕ್ಕೆ ಎಳೆತವು ಭಾರದ 60ನೆಯ ಒಂದು ಭಾಗ. ಅಂದರೆ ಎತ್ತಿನ ಗಾಡಿಯ ಸುಮಾರು ಮೂರರಷ್ಟು. ಗಾಡಿಯನ್ನು ಕಿರಿದಾಗಿಸಿದರೆ ಅದರ ಗುಣಗಳೆಲ್ಲ ಅದೇ ಪ್ರಮಾಣದಲ್ಲಿ ಕಿರಿದಾಗುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ವೇಗವನ್ನು ಗಣಿಸಿದರೆ ಅಂತರವು ಇನ್ನೂ ಹೆಚ್ಚು. ಗಂಟೆಗೆ 4 ಕಿಲೋಮೀಟರು ನಡೆಯುವ ಎತ್ತಿನ ಗಾಡಿಯ ಗಾಲಿ ನಿಮಿಷಕ್ಕೆ ಸುಮಾರು 15 ಸುತ್ತು ತಿರುಗಿದರೆ, ಗಂಟೆಗೆ 40 ಕಿಲೋಮೀಟರು ಓಡುವ ಈ ಆಟಿಕೆಯ ಗಾಲಿ ನಿಮಿಷಕ್ಕೆ ಸುಮಾರು 3,500 ಸುತ್ತು ತಿರುಗುತ್ತದೆ. ಎತ್ತಿನ ಗಾಡಿಯ ಅಚ್ಚಿನ ಮೇಲ್ಮೈ ಸೆಕೆಂಡಿಗೆ ಸುಮಾರು 3 ಸೆಂಟಿಮೀಟರು ಉಜ್ಜಿದರೆ, ಆಟಿಕೆಯ ಅಚ್ಚು 93 ಸೆಂಟಿಮೀಟರು ಉಜ್ಜುತ್ತದೆ. ಒಂದೂವರೆ ಕಿಲೋ ತೂಕದ ಆಟಿಕೆಯಲ್ಲಿ ಇದರಿಂದ ಹುಟ್ಟುವ ಶಾಖ ಸುಮಾರು 2.7 ವ್ಯಾಟು. ಮೊತ್ತ ಸಣ್ಣದೆನಿಸಬಹುದು. ಆದರೆ ಅದು ಸೇರುವುದು ಬೆರಳುಗುರಿನಷ್ಟು ಅಗಲದ ಪ್ಲಾಸ್ಟಿಕ್ ಬುಷ್ಷುಗಳಲ್ಲಿ. ಶಾಖವನ್ನು ಹೊರಗೆ ಸಾಗಿಸುವ ಶಕ್ತಿ ಪ್ಲಾಸ್ಟಿಕ್ಕಿಗೆ ಅತ್ಯಲ್ಪ. ಬುಷ್ಷು ಮೆತ್ತಗಾಗಿ ತೂತು ಅಂಡಾಕಾರವಾಗುತ್ತದೆ, ಗಾಲಿ ಅಲುಗುತ್ತದೆ, ಘರ್ಷಣೆ ಮತ್ತೂ ಹೆಚ್ಚುತ್ತದೆ.

ಎರಡನೆಯ ಅಭಿಪ್ರಾಯಕ್ಕೆ ಆಧಾರವಾಗಿ ಪದೇಪದೇ ಉದಾಹರಿಸಲ್ಪಡುವುದು ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಸಿದ್ಧಾಂತಶಿರೋಮಣಿ’ಯ ಸ್ವಯಂವಹ ಯಂತ್ರ. ಹಗುರವಾದ ಮರದ ಚಕ್ರ, ಟೊಳ್ಳಾದ ಅರೆಗಳು, ಅವುಗಳಲ್ಲಿ ಅರ್ಧದಷ್ಟು ಪಾದರಸ. ಎರಡು ಆಧಾರಗಳ ಮೇಲೆ ಅಚ್ಚನ್ನು ಇಟ್ಟರೆ ಚಕ್ರವು ತಾನೇ ತಿರುಗುವುದೆಂದು ಅಲ್ಲಿ ಹೇಳಿದೆ. ಇದೇ ಜಾತಿಯ ಯಂತ್ರವನ್ನು ಬ್ರಹ್ಮಗುಪ್ತನು 628ರಲ್ಲಿಯೇ ವರ್ಣಿಸಿದ್ದನು. ನಿತ್ಯಚಲನೆಯ ಕಲ್ಪನೆ ಭಾರತದಿಂದ ಅರಬ್ಬರ ಮೂಲಕ ಐರೋಪ್ಯರಿಗೆ ತಲಪಿತೆಂದು ಇತಿಹಾಸಕಾರ ಲಿನ್ ವೈಟ್ 1962ರಲ್ಲಿ ವಾದಿಸಿದನು. ಕಲ್ಪನೆಯ ಪಯಣವಾಗಿ ಇದು ಮಹತ್ತ್ವದ ಸಂಗತಿ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಭಿಮಾನಿಗಳು ಇಲ್ಲಿಗೆ ನಿಲ್ಲುವುದಿಲ್ಲ. ಯಂತ್ರ ಏಕೆ ತಿರುಗದು ಎಂದು ಕೇಳಿದರೆ, ಅಚ್ಚಿನ ಘರ್ಷಣೆಯೊಂದೇ ಅಡ್ಡಿ, ಅದನ್ನು ನೀಗಿದರೆ ತಿರುಗೀತು ಎನ್ನುತ್ತಾರೆ. ಇದು ತಪ್ಪು. ಒಂದು ಪಕ್ಕದಲ್ಲಿ ಪಾದರಸವು ಅಚ್ಚಿನಿಂದ ದೂರ ಸರಿದರೆ, ಹತ್ತಿರ ಸರಿದ ಪಕ್ಕದಲ್ಲಿ ಹೆಚ್ಚು ಅರೆಗಳ ಭಾರ ಕೂಡಿಕೊಳ್ಳುತ್ತದೆ, ಎರಡೂ ಸರಿದೂಗುತ್ತವೆ. ಘರ್ಷಣೆ ಸೊನ್ನೆಯಾದರೂ ಆ ಚಕ್ರವು ತಾನಾಗಿ ಹೊರಡಲಾರದು; ತಳ್ಳಿದರೆ ತಳ್ಳಿದಷ್ಟೇ ವೇಗದಲ್ಲಿ ಸುತ್ತೀತು, ಕೆಲಸ ಮಾಡಲಾರದು. ನಿತ್ಯಚಲನೆಯ ಯಂತ್ರಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ಪ್ಯಾರಿಸಿನ ವಿಜ್ಞಾನ ಅಕಾಡೆಮಿ 1775ರಲ್ಲಿ ನಿರ್ಧರಿಸಿತು. ಭಾಸ್ಕರನ ಹಿರಿಮೆ ಅವನ ಗಣಿತದಲ್ಲಿದೆ. ಆಗದ ಯಂತ್ರವೊಂದರ ಮೇಲೆ ಅದನ್ನು ನಿಲ್ಲಿಸಹೋಗುವುದು ಅವನಿಗೇ ಮಾಡುವ ಅನ್ಯಾಯ.

ನಿಜವಾದ ಪೂರ್ವಿಕಜ್ಞಾನವನ್ನು ಅರಸುವವರು ಗ್ರಂಥವನ್ನು ಬಿಟ್ಟು ಗಾಡಿಯ ಅಡಿಗೆ ಬಗ್ಗಿ ನೋಡಬೇಕು. ಅಚ್ಚು ಅಥವಾ ಇರಸು, ಗುಂಬ, ಕಡಾಣಿ, ಕೀಲೆಣ್ಣೆ ಎಂಬ ಮಾತುಗಳಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿ ಕೀಲೆಣ್ಣೆ ಮಾಡುತ್ತಿದ್ದವರಿಗೆ ಸ್ನಿಗ್ಧತೆಯ ಸೂತ್ರ ತಿಳಿದಿರಲಿಲ್ಲ. ನಿಧಾನವಾಗಿ ತಿರುಗುವ, ಹೆಚ್ಚು ಭಾರ ಹೊರುವ ಸಂಧಿಗೆ ಮಂದವಾದ ಎಣ್ಣೆಯೇ ಬೇಕೆಂಬುದು ತಿಳಿದಿತ್ತು. ತೆಳುವಾದ ಎಣ್ಣೆ ಅಲ್ಲಿ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ವೇಗ, ಭಾರ, ಎಣ್ಣೆಯ ಮಂದತೆ ಈ ಮೂರರ ಸಂಬಂಧವನ್ನು ಜರ್ಮನಿಯ ಸ್ಟ್ರೀಬೆಕ್ 1902ರಲ್ಲಿ ಪ್ರಯೋಗಗಳಿಂದ ವಕ್ರರೇಖೆಯಾಗಿ ನಿರೂಪಿಸಿದನು. ಅದೇ ರೇಖೆ ಇನ್ನೊಂದನ್ನೂ ಹೇಳುತ್ತದೆ: ವೇಗವು ಬಹಳ ಹೆಚ್ಚಿ ಭಾರವು ಕಡಿಮೆಯಾದಾಗ ಮಂದವಾದ ಎಣ್ಣೆಯೇ ತಡೆಯಾಗುತ್ತದೆ. ಆದಕಾರಣ ಎತ್ತಿನ ಗಾಡಿಗೆ ಉಚಿತವಾದ ಕೀಲೆಣ್ಣೆಯ ನ್ಯಾಯವು ಆಟಿಕೆಗೆ ಅನುಚಿತ. ಚನ್ನಪಟ್ಟಣದಲ್ಲಿ ಆಲೆಯ ಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟು ಮಾಡುವ ಎಳೆಯುವ ಗಾಡಿಗಳಿಗೆ ಎರಡೂ ಬೇಕಿಲ್ಲ. ಮಗುವಿನ ನಡಿಗೆಯ ವೇಗಕ್ಕೆ ನಯವಾದ ಮರವೇ ಸಾಕು. ಒಂದೊಂದು ಕೆಲಸಕ್ಕೂ ಅದರದರ ಅಳತೆ.

ಇನ್ನು ಮೂರನೆಯ ಅಭಿಪ್ರಾಯ. ಬಾಲ್ ಬೇರಿಂಗಿನ ಮಹಿಮೆ ಸುಳ್ಳಲ್ಲ. ಗಾಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ಹಕ್ಕುಪತ್ರವನ್ನು ವೇಲ್ಸಿನ ಫಿಲಿಪ್ ವಾನ್ 1794ರಲ್ಲಿ ಪಡೆದನು. 1869ರಲ್ಲಿ ಪ್ಯಾರಿಸಿನಿಂದ ರೂಆನಿಗೆ ನಡೆದ ಬೈಸಿಕಲ್ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಇಂಥ ಬೇರಿಂಗುಗಳುಳ್ಳ ವಾಹನದ ಮೇಲೆ. ಒಳ್ಳೆಯ ಬಾಲ್ ಬೇರಿಂಗಿನ ಘರ್ಷಣಾಂಕ ಸುಮಾರು 0.0015; ನಮ್ಮ ಆಟಿಕೆಯಲ್ಲಿ 2.7 ವ್ಯಾಟಿನ ನಷ್ಟವು ಲೆಕ್ಕದ ಮಟ್ಟಿಗೆ 0.02 ವ್ಯಾಟಿಗೆ ಇಳಿಯಬೇಕು. ಲೆಕ್ಕದಂತೆ ನಡೆಯದಿರುವುದೇ ಇಲ್ಲಿನ ಸ್ವಾರಸ್ಯ. ಹೊತ್ತ ಭಾರ ಇಷ್ಟು ಹಗುರವಾಗಿರುವಾಗ ಗುಂಡುಗಳ ಉರುಳುವಿಕೆಗಿಂತ ಒಳಗೆ ತುಂಬಿದ ಗ್ರೀಸು ಮತ್ತು ಅಂಚಿಗೆ ತಾಗುವ ರಬ್ಬರಿನ ಮುಚ್ಚಳಗಳೇ ಹೆಚ್ಚು ತಡೆ ಒಡ್ಡುತ್ತವೆ. ಗ್ರೀಸನ್ನು ತೊಳೆದು ತೆಳುವಾದ ಎಣ್ಣೆಯ ಒಂದು ತೊಟ್ಟು ಹಾಕಿದರೆ ಗಾಲಿ ಹಗುರವಾಗಿ ತಿರುಗುತ್ತದೆ. ಆದರೆ ಆ ಎಣ್ಣೆಯನ್ನು ಪದೇಪದೇ ಹಾಕುತ್ತಿರಬೇಕು. ಮುಚ್ಚಳವನ್ನು ತೆಗೆದರೆ ಮಲೆನಾಡಿನ ಕೆಮ್ಮಣ್ಣಿನ ಧೂಳು ಒಳಹೊಕ್ಕು ಗುಂಡುಗಳನ್ನು ಅರೆಯುತ್ತದೆ. ಅಂಚಿಗೆ ತಾಗದ ಲೋಹದ ಮುಚ್ಚಳ ಈ ಎರಡರ ನಡುವಣ ದಾರಿ. ಇಷ್ಟಾದರೂ ಗಾಲಿಯ ನಟ್ಟನ್ನು ಅತಿಯಾಗಿ ಬಿಗಿದು ಬೇರಿಂಗನ್ನು ಪಕ್ಕದಿಂದ ಒತ್ತಿದರೆ, ಅಚ್ಚು ಸ್ವಲ್ಪ ಬಾಗಿದ್ದರೆ, ಕೂದಲೋ ನಾರೋ ಸುತ್ತಿಕೊಂಡಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಕಡಾಣಿ ಹಾಕುವಾಗ ಗುಂಬಕ್ಕೆ ಕೊಂಚ ಸಡಿಲ ಬಿಡಬೇಕೆಂಬುದನ್ನು ಬಂಡಿ ಹೂಡುವ ರೈತ ಬಲ್ಲ. ಬೆಲೆಯ ಬೇರಿಂಗು ಕೊಂಡವನು ಅದನ್ನೇ ಮರೆಯುತ್ತಾನೆ.

ಮತ್ತೊಂದು ವಿವೇಕವೂ ಬೇಕು. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಗೆಲ್ಲಲು ವ್ಯಯವಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ. ಅಚ್ಚನ್ನು ಒಮ್ಮೆ ಸರಿಪಡಿಸಿದ ಮೇಲೆ ಹೆಚ್ಚಿನ ವೇಗವನ್ನು ಅಲ್ಲಿಯೇ ಅರಸುವುದು ನಿಷ್ಫಲ. ಗಾಡಿಯ ಮೈಕಟ್ಟು, ಹಲ್ಲುಗಾಲಿಗಳು, ಟೈರುಗಳು ಇವುಗಳ ಕಡೆ ನೋಡಬೇಕು. ಒಂದೇ ಕಾರಣಕ್ಕೆ ಎಲ್ಲವನ್ನೂ ಹೊರಿಸುವ ಚಾಳಿ ಚರಿತ್ರೆಯಲ್ಲಿ ಹೇಗೋ ಯಂತ್ರದಲ್ಲಿಯೂ ಹಾಗೆಯೇ ದಾರಿತಪ್ಪಿಸುತ್ತದೆ.

ನಮ್ಮ ವಿಮರ್ಶೆಯ ಸಾರ ಇಷ್ಟು. ಚಕ್ರವು ಘರ್ಷಣೆಯನ್ನು ನೀಗಲಿಲ್ಲ, ಅದನ್ನು ಸ್ಥಳಾಂತರಿಸಿ ಕುಗ್ಗಿಸಿತು. ಪೂರ್ವಿಕರು ಎಲ್ಲವನ್ನೂ ಅರಿತಿರಲಿಲ್ಲ. ಅರಿತಿದ್ದುದನ್ನು ನಾವು ಬರೆದಿಟ್ಟುಕೊಳ್ಳಲಿಲ್ಲ. ಹೊಸ ಬೇರಿಂಗು ಎಲ್ಲವನ್ನೂ ಪರಿಹರಿಸದು, ಅಳತೆಯ ವಿವೇಕವನ್ನು ಅದೂ ಬೇಡುತ್ತದೆ. ಇವುಗಳಲ್ಲಿ ಎರಡನೆಯ ಮಾತು ಇತಿಹಾಸದ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ತಾಳಗುಂದ, ಬಳ್ಳಿಗಾವೆ, ಬನವಾಸಿಗಳ ನಡುವಣ ಈ ನಾಡಿನ ಶಾಸನಗಳು ಅಚ್ಚಾಗಿ ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಟ್ರಾಕ್ಟರು ಬಂದ ಮೇಲೆ ಮರದ ಗಾಲಿಯ ಗಾಡಿ ಕೊಟ್ಟಿಗೆಯ ಹಿಂದೆ ಸರಿದಿದೆ. ಅದನ್ನು ಕಟ್ಟಬಲ್ಲ ಬಡಗಿಗಳಿಗೆ ವಯಸ್ಸಾಗಿದೆ. ಗಾಲಿಯ ವ್ಯಾಸ, ಅಚ್ಚಿನ ದಪ್ಪ, ಗುಂಬದ ಮರ, ಕೀಲೆಣ್ಣೆಯ ಪಾಕ, ಪ್ರತಿಯೊಂದರ ಹೆಸರು ಇವುಗಳನ್ನು ಊರಿಗೊಬ್ಬ ವಿದ್ಯಾರ್ಥಿ ಅಳೆದು ಬರೆದರೂ ಸಾಕು, ಯಾವ ಶಾಸನವೂ ಹೇಳದ ಒಂದು ಅಧ್ಯಾಯ ನಮಗೆ ದೊರೆಯುತ್ತದೆ. ಜಡೆಯಿಂದಲೇ ಆ ಕೆಲಸ ಪ್ರಾರಂಭವಾಗಬಹುದು. ತಡಮಾಡಿದರೆ ಗಾಡಿಗಳು ಸೌದೆಯಾಗುತ್ತವೆ, ಮಾತುಗಳು ನಿಘಂಟಿನಲ್ಲಿ ಮಾತ್ರ ಉಳಿಯುತ್ತವೆ.